ನೀರಿನಿಂದ ಎದ್ದ ಮೇಲೆ ಹಿಡಿಯುವ ವಾಯು

ಗೇಟಿನ ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ಮಗನಿಗೆ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಬಲಗೈ ಏಳುವುದಿಲ್ಲ. ಭುಜದೊಳಗೆ ಗೂಟ ಹೊಡೆದಂಥ ನೋವು. "ವಾಯು ಹಿಡದದ ತಗೋ ತಮ್ಮಾ, ದಿನಾ ನೀರಾಗ ಇದ್ರ ಮತ್ತೇನಾಗ್ತದ" ಎನ್ನುತ್ತಾಳೆ ಅವ್ವ. ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. ಬೆಳಿಗ್ಗೆ ಊರ ದವಾಖಾನೆಯಲ್ಲಿ ಒಂದು ಸೂಜಿ, ನಾಲ್ಕು ಗುಳಿಗೆ. ಮಧ್ಯಾಹ್ನ ಕಾಲು ಜೋಮು ಹಿಡಿಯುತ್ತದೆ, ಸಂಜೆಗೆ ಮೂತ್ರ ಕಟ್ಟುತ್ತದೆ. ಆಗ ವಿಜಯಪುರಕ್ಕೆ ಗಾಡಿ ಹೊರಡುತ್ತದೆ, ಬೆನ್ನಿನ ಸ್ಕ್ಯಾನಿಂಗ್‌ಗೆಂದು. "ನಿನ್ನೆ ಎಷ್ಟು ಆಳಕ್ಕೆ ಇಳಿದಿದ್ದಿ?" ಎಂದು ದಾರಿಯುದ್ದಕ್ಕೂ ಯಾರೂ ಕೇಳುವುದಿಲ್ಲ.

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ಡೈವರುಗಳ ಕಾಯಿಲೆ ಮನೆಮಂದಿಯ ಕಣ್ಣು ತಪ್ಪಿಸುವ ಬಗೆಯೇ ಹೀಗೆ. ವಿಚಿತ್ರವೆಂದರೆ ಅವ್ವ ಹೇಳಿದ್ದು ಮುಕ್ಕಾಲು ಪಾಲು ಸರಿ. ನಮ್ಮಲ್ಲಿ ಯಾವ ಕೀಲು ನೊಂದರೂ ವಾಯು ಎನ್ನುವುದುಂಟು. ಈ ಹುಡುಗನ ಭುಜಕ್ಕೆ ಹಿಡಿದದ್ದು ಮಾತ್ರ ನಿಜವಾದ ವಾಯುವೇ. ಅದರ ಹೆಸರು ನೈಟ್ರೋಜನ್. ಅದಕ್ಕೆ ಎಣ್ಣೆ ಮದ್ದಲ್ಲ, ಒತ್ತಡದ ಕೋಣೆಯೇ ಮದ್ದು.

ಬರಗಾಲದ ವಿಜಯಪುರ ಜಿಲ್ಲೆಗೆ ಡೈವಿಂಗ್ ಎಲ್ಲಿಂದ ಬಂತು ಎನ್ನಬೇಡಿ. ಬಸವನ ಬಾಗೇವಾಡಿಯ ಮಗ್ಗುಲಲ್ಲಿ ಆಲಮಟ್ಟಿಯ 26 ಗೇಟುಗಳಿವೆ. ಮುದ್ದೇಬಿಹಾಳದ ಕೆಳಗೆ ನಾರಾಯಣಪುರದ ಬಸವಸಾಗರವಿದೆ. ಇಂಡಿ, ಸಿಂದಗಿಯ ಅಂಚಿನಲ್ಲಿ ಹರಿಯುವ ಭೀಮೆಗೆ ಸಾಲು ಬ್ಯಾರೇಜುಗಳಿವೆ. ಗೇಟಿನ ರಬ್ಬರ್ ಸೀಲ್ ನೋಡಲು, ಜಾಲರಿಗೆ ಸಿಕ್ಕ ಕಸ ತೆಗೆಯಲು, ನೀರೊಳಗೆ ವೆಲ್ಡಿಂಗ್ ಮಾಡಲು ಯಾರಾದರೂ ಇಳಿಯಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದ ಮೇಲಂತೂ ಹಳೆಯ ಗೇಟುಗಳ ತಪಾಸಣೆಯ ಮಾತು ಎಲ್ಲ ಕಡೆ ಎದ್ದಿದೆ. ದುಡಿಯಲು ಗೋವಾ, ಮುಂಬಯಿಗೆ ಹೋಗುವುದಂತೂ ಈ ನಾಲ್ಕು ತಾಲ್ಲೂಕುಗಳಿಗೆ ಹೊಸತಲ್ಲ.

ಇದೇ ಒತ್ತಡದ ಕೋಣೆಯ ಹೆಸರು ಇನ್ನೊಂದು ಬಾಗಿಲಿನಿಂದಲೂ ನಮ್ಮ ಮನೆಗಳಿಗೆ ಬರುತ್ತಿದೆ. ಶುಗರ್ ಇದ್ದವರ ಕಾಲಿನ ಗಾಯ ಮಾಯದಿದ್ದರೆ "ಆಕ್ಸಿಜನ್ ಚೇಂಬರಿನಲ್ಲಿ ಮೂವತ್ತು ಸಿಟ್ಟಿಂಗ್ ಕೂರಿಸಿ" ಎಂದು ಪಟ್ಟಣದ ಡಾಕ್ಟರು ಬರೆದುಕೊಡುತ್ತಾರೆ. ಹೋಗಬೇಕೋ ಬೇಡವೋ? ಅದನ್ನೂ ಕೊನೆಯಲ್ಲಿ ನೋಡೋಣ.

ಗೋಲಿ ಸೋಡಾದ ಲೆಕ್ಕ

ಗೋಲಿ ಸೋಡಾ ಬಾಟಲಿಯನ್ನು ನೆನಪಿಸಿಕೊಳ್ಳಿ. ಗೋಲಿ ಕೂತಿರುವವರೆಗೆ ಒಳಗಿನ ನೀರು ತಿಳಿಯಾಗಿರುತ್ತದೆ. ಗ್ಯಾಸು ಕರಗಿ ಕೂತಿದೆ, ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿನಿಂದ ಗೋಲಿ ಒತ್ತಿದೊಡನೆ ಒತ್ತಡ ಬಿಟ್ಟು ಬುರುಗು ಉಕ್ಕುತ್ತದೆ. ಸ್ವಲ್ಪಸ್ವಲ್ಪವೇ ಒತ್ತಿ ನಿಧಾನ ಬಿಟ್ಟರೆ ಉಕ್ಕುವುದಿಲ್ಲ.

ನೀರಿನಲ್ಲಿ ಪ್ರತಿ 10 ಮೀಟರಿಗೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 30 ಮೀಟರ್ ಆಳದಲ್ಲಿ ದಡದ ನಾಲ್ಕು ಪಟ್ಟು. ಅಲ್ಲಿ ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದಲ್ಲಿ ಸಿಗಬೇಕು, ಇಲ್ಲದಿದ್ದರೆ ಎದೆ ಅರಳುವುದಿಲ್ಲ. ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್. ದೇಹ ಅದನ್ನು ಬಳಸಿಕೊಳ್ಳುವುದಿಲ್ಲ, ಆದರೆ ಒತ್ತಡ ಇದ್ದಷ್ಟೂ ಅದು ರಕ್ತ, ಕೊಬ್ಬು, ಕೀಲು, ನರಗಳಲ್ಲಿ ಕರಗುತ್ತ ಹೋಗುತ್ತದೆ. ಹೆಚ್ಚು ಆಳ, ಹೆಚ್ಚು ಹೊತ್ತು, ಹೆಚ್ಚು ನೈಟ್ರೋಜನ್. ನಿಧಾನ ಮೇಲೆ ಬಂದರೆ ಅದು ಬಂದ ದಾರಿಯಲ್ಲೇ, ಶ್ವಾಸಕೋಶದ ಮೂಲಕ, ಹೊರಗೆ ಹೋಗುತ್ತದೆ. ಸರ್ರನೆ ಬಂದರೆ ಇದ್ದಲ್ಲೇ ಗುಳ್ಳೆಯಾಗುತ್ತದೆ. ಗುಳ್ಳೆ ಕೀಲಿನಲ್ಲಾದರೆ ನೋವು, ಬೆನ್ನುಹುರಿಯಲ್ಲಾದರೆ ಕಾಲು ಸತ್ತಂತೆ, ಒಳಕಿವಿಯಲ್ಲಾದರೆ ತಲೆ ಗಿರ್ರೆನ್ನುವುದು, ಶ್ವಾಸಕೋಶದಲ್ಲಾದರೆ ಕೆಮ್ಮು ಮತ್ತು ಉಸಿರುಕಟ್ಟು. ಕೆಲಸದವರ ಬಾಯಲ್ಲಿ ಇದು 'ಬೆಂಡ್ಸ್'.

ಇದನ್ನು ಮೊದಮೊದಲು ಅನುಭವಿಸಿದವರಲ್ಲಿ ಡೈವರುಗಳಷ್ಟೇ ಅಲ್ಲ, ಸೇತುವೆ ಕೂಲಿಗಳೂ ಇದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಬುನಾದಿಗೆ ನೀರೊಳಗೆ ಗಾಳಿ ತುಂಬಿದ ಪೆಟ್ಟಿಗೆ ಇಳಿಸಿ ಅದರೊಳಗೆ ಅಗೆಯುತ್ತಿದ್ದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಗೆ ಬಿದ್ದು, ಉಳಿದ ಕಾಮಗಾರಿಯನ್ನು ಮನೆಯ ಕಿಟಕಿಯಿಂದ ನೋಡಬೇಕಾಯಿತು. ಗುಳ್ಳೆ ನೈಟ್ರೋಜನ್ನಿನದೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ತೋರಿಸಿದ. ಹಂತಹಂತವಾಗಿ ನಿಂತು ಮೇಲೆ ಬರುವ ಲೆಕ್ಕವನ್ನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳನ್ನು ಕೋಣೆಯಲ್ಲಿಟ್ಟು ಪರೀಕ್ಷಿಸಿ 1908ರಲ್ಲಿ ಪ್ರಕಟಿಸಿದ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಇಂದಿನ ಡೈವಿಂಗ್ ಟೇಬಲ್ಲುಗಳೆಲ್ಲ ಆ ಆಡುಗಳ ಋಣದಲ್ಲಿವೆ.

ಕೋಣೆ ಮಾಡುವ ಕೆಲಸ

ಚೇಂಬರ್ ಎಂದರೆ ಟ್ಯಾಂಕರ್ ಲಾರಿಯ ಟ್ಯಾಂಕಿನಂಥ ಉಕ್ಕಿನ ಕೋಣೆ. ಒಬ್ಬರೇ ಮಲಗುವ ಗಾಜಿನಂಥ ಕೊಳವೆಯೂ ಉಂಟು. ರೋಗಿಯನ್ನು ಒಳಗೆ ಕೂರಿಸಿ ಒತ್ತಡ ಏರಿಸುತ್ತಾರೆ. ಅಂದರೆ ಒಣಗಿದ ನೆಲದ ಮೇಲೇ ಅವನನ್ನು ಮತ್ತೆ 'ಆಳಕ್ಕೆ' ಇಳಿಸುತ್ತಾರೆ. ಗುಳ್ಳೆ ಕುಗ್ಗುತ್ತದೆ. ಜೊತೆಗೆ ಶುದ್ಧ ಆಕ್ಸಿಜನ್ ಕೊಡುತ್ತಾರೆ. ಉಸಿರಿನಲ್ಲಿ ನೈಟ್ರೋಜನ್ ಇಲ್ಲವೇ ಇಲ್ಲವಾದ್ದರಿಂದ ದೇಹದೊಳಗಿನದು ಬೇಗಬೇಗ ಹೊರಬೀಳುತ್ತದೆ. ಗುಳ್ಳೆ ಅಡ್ಡಬಂದು ಉಸಿರುಕಟ್ಟಿದ್ದ ನರಗಳಿಗೆ ರಕ್ತದ ತಿಳಿನೀರಿನಲ್ಲೇ ಕರಗಿದ ಆಕ್ಸಿಜನ್ ಸಿಗುತ್ತದೆ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಚಿಕಿತ್ಸಾ ಕ್ರಮ ಅಮೆರಿಕದ ನೌಕಾಪಡೆಯ 'ಟೇಬಲ್ 6'. ಅದರಲ್ಲಿ 18 ಮೀಟರ್ ಆಳದ ಒತ್ತಡ, ಅಂದರೆ 2.8 ವಾಯುಮಂಡಲ. 20 ನಿಮಿಷ ಆಕ್ಸಿಜನ್, 5 ನಿಮಿಷ ಬರಿ ಗಾಳಿ, ಮತ್ತೆ ಆಕ್ಸಿಜನ್. ಬಳಿಕ 9 ಮೀಟರಿಗೆ ಏರಿಸಿ ಇನ್ನೂ ದೀರ್ಘ ಸರದಿ. ಒಟ್ಟು 4 ಗಂಟೆ 45 ನಿಮಿಷ. ನಡುನಡುವೆ ಬರಿ ಗಾಳಿ ಏಕೆಂದರೆ ಇಷ್ಟು ಒತ್ತಡದಲ್ಲಿ ಎಡೆಬಿಡದೆ ಕೊಟ್ಟ ಆಕ್ಸಿಜನ್ ಫಿಟ್ಸ್ ತರಿಸಬಲ್ಲದು.

519.60: ಡೈವರಿಗೆ ಇದರ ಅರ್ಥವೇ ಬೇರೆ

ಈ ಅಂಕಿ ಜಿಲ್ಲೆಯಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಆಲಮಟ್ಟಿಯ ಪೂರ್ಣಮಟ್ಟ 519.60 ಮೀಟರ್; ಅದನ್ನು 524.256ಕ್ಕೆ ಏರಿಸುವ ಜಗಳ ನಮ್ಮ ರಾಜಕೀಯದ ನಿತ್ಯದ ಊಟ. ಈ ಅಂಕಿ ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ಎತ್ತರ. ರೈತ ಇದರಲ್ಲಿ ಟಿಎಂಸಿ ನೋಡುತ್ತಾನೆ, ಡೈವರ್ ಗಾಳಿಯ ತೂಕ ನೋಡಬೇಕು.

ಡೈವಿಂಗ್ ಟೇಬಲ್ಲುಗಳು ಸಮುದ್ರಕ್ಕೆಂದು ಬರೆದವು. ಆಲಮಟ್ಟಿಯ ನೀರಿನ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 94ರಷ್ಟೇ. ಅಲ್ಲಿ ಮೇಲೆ ಬಂದವನ ದೇಹ ಕಾರವಾರದಲ್ಲಿ ಮೇಲೆ ಬಂದವನಿಗಿಂತ ಹೆಚ್ಚು ಹಗುರವಾದ ಗಾಳಿಗೆ ತೆರೆದುಕೊಳ್ಳುತ್ತದೆ, ಗುಳ್ಳೆಗೆ ಅಷ್ಟು ಸಲೀಸು. ಅಮೆರಿಕದ ನೌಕಾಪಡೆಯ ಕೈಪಿಡಿ ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ಎತ್ತರ ದಾಟಿದ ಎಲ್ಲ ನೀರಿಗೂ ಲೆಕ್ಕ ತಿದ್ದಬೇಕು ಎನ್ನುತ್ತದೆ. ನಾರಾಯಣಪುರದ ಪೂರ್ಣಮಟ್ಟ 492 ಮೀಟರ್ ದಾಟುತ್ತದೆ; ಇಂಡಿ, ಸಿಂದಗಿಯ ಭೀಮೆಯೂ 300ಕ್ಕಿಂತ ಮೇಲೆಯೇ. ಅಂದರೆ ಈ ನಾಲ್ಕು ತಾಲ್ಲೂಕುಗಳ ಯಾವ ನೀರಿಗೂ ಸಮುದ್ರದ ಟೇಬಲ್ ಇದ್ದಂತೆ ಒಗ್ಗದು.

ಉದಾಹರಣೆಗೆ 30 ಮೀಟರ್ ಆಳದ ಕೆಲಸ. ಸಮುದ್ರದಲ್ಲಾದರೆ ಆ ಕೈಪಿಡಿಯ ಪ್ರಕಾರ ಇಳಿಯಲು ಶುರುಮಾಡಿದ್ದರಿಂದ ತಳ ಬಿಡುವವರೆಗೆ 25 ನಿಮಿಷ ಇದ್ದು, ನಡುವೆ ನಿಲ್ಲದೆ ಮೇಲೆ ಬರಬಹುದು. ಆಲಮಟ್ಟಿಯ ಎತ್ತರಕ್ಕೆ ತಿದ್ದಿದರೆ ಅದೇ ಆಳ ಸುಮಾರು 32 ಮೀಟರಿಗೆ ಸಮ. ಸಿಹಿನೀರು ಸಮುದ್ರದ ನೀರಿಗಿಂತ ತುಸು ಹಗುರವೆಂದು ಸ್ವಲ್ಪ ಕಳೆದರೂ ಟೇಬಲ್ಲಿನಲ್ಲಿ ಮುಂದಿನ ಸಾಲಿಗೇ ಹೋಗಬೇಕು, ಅಲ್ಲಿ ಇರುವುದು 20 ನಿಮಿಷ. ಐದು ನಿಮಿಷ ಅಲ್ಪವೆನಿಸಬಹುದು. ನನ್ನ ಮಟ್ಟಿಗೆ ಕಾಂಟ್ರಾಕ್ಟರನ ಕಸುಬು ಗೊತ್ತಾಗುವುದು ಈ ಐದು ನಿಮಿಷದಲ್ಲೇ. "ಇಲ್ಲಿಯ ಎತ್ತರಕ್ಕೆ ಲೆಕ್ಕ ತಿದ್ದಿದ್ದೀರಾ?" ಎಂದು ಕೇಳಿ. "ಅದೇನು ಎತ್ತರ?" ಎಂದರೆ ಇಳಿಯಬೇಡಿ.

ಇಳಿಯುವ ಮುಂಚೆ ಕೇಳಬೇಕಾದ್ದು

1. ಚೇಂಬರ್ ಎಲ್ಲಿದೆ, ಎಷ್ಟು ಗಂಟೆಯ ದಾರಿ? ಅಮೆರಿಕದಲ್ಲಿ ನೂರು ಅಡಿಗಿಂತ ಆಳದ ಅಥವಾ ನಡುವೆ ನಿಂತು ಮೇಲೆ ಬರಬೇಕಾದ ಕೆಲಸಕ್ಕೆ ಚೇಂಬರ್ ಅಲ್ಲೇ, ಐದು ನಿಮಿಷದೊಳಗೆ ಸಿಗುವಂತಿರಬೇಕು. ಬ್ರಿಟನ್ನಿನ ಒಳನಾಡು ನಿಯಮದಲ್ಲಿ 10 ಮೀಟರಿನೊಳಗಿನ ಕೆಲಸಕ್ಕೆ ಆರು ಗಂಟೆಯ ದಾರಿಯೊಳಗೆ, ಅದಕ್ಕಿಂತ ಆಳಕ್ಕೆ ಎರಡು ಗಂಟೆಯೊಳಗೆ. ಆಲಮಟ್ಟಿಯಿಂದ ಹುಬ್ಬಳ್ಳಿ ಮುಟ್ಟಲೇ ಎರಡು ಗಂಟೆ ಸಾಲದು. ಆಳದ ಕೆಲಸವಾದರೆ ಚೇಂಬರನ್ನು ಲಾರಿಯ ಮೇಲೆ ದಡಕ್ಕೇ ತರಿಸುವುದು ಸರಿಯಾದ ದಾರಿ.

2. ಆಕ್ಸಿಜನ್ ಸಿಲಿಂಡರ್ ದಡದಲ್ಲಿದೆಯೇ, ಯಾವ ಸೈಜಿನದು? ಕೋವಿಡ್ ಕಾಲದಲ್ಲಿ ಕಲಿತ ಲೆಕ್ಕವೇ ಇಲ್ಲಿಗೂ ಸಾಕು. ಸಣ್ಣ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ ನೂರು ನಿಮಿಷಕ್ಕೆ ಖಾಲಿ. ದೊಡ್ಡ ಡಿ-ಟೈಪಿನ 7,000 ಲೀಟರ್ ಏಳು ಗಂಟೆ ಮೀರಿ ಬರುತ್ತದೆ. ದಾರಿ ಎಷ್ಟು ದೂರವೋ ಅಷ್ಟು ಸಿಲಿಂಡರ್. ಚೀಲವಿರುವ ಮಾಸ್ಕ್ ಬೇಕು, ಮೂಗಿನ ಸಣ್ಣ ನಳಿಗೆ ಸಾಲದು.

3. ಗಾಳಿ ಎಲ್ಲಿಂದ ಬರುತ್ತದೆ? ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಪೈಪು ಸಿಕ್ಕಿಸಿ ಬಾಯಿಗೆ ಕೊಡುವವರಿದ್ದಾರೆ. ಅದರ ಎಣ್ಣೆಯ ಆವಿ, ಪಕ್ಕದ ಡೀಸೆಲ್ ಎಂಜಿನ್ನಿನ ಹೊಗೆ ಎರಡೂ ಪೈಪಿನೊಳಗೆ ಹೋಗುತ್ತವೆ. ದಡದಲ್ಲಿ ತಲೆನೋವು ತರುವಷ್ಟು ಕಾರ್ಬನ್ ಮೊನಾಕ್ಸೈಡ್ ಆಳದಲ್ಲಿ ಪ್ರಾಣ ತೆಗೆಯುತ್ತದೆ.

4. ಗೇಟಿನ ಸ್ವಿಚ್ಚು ಯಾರ ಕೈಲಿದೆ? ಬೆಂಡ್ಸ್‌ಗಿಂತ ಬೇಗ ಕೊಲ್ಲುವುದು ಸೆಳೆತ. ಗೇಟಿನ ಕೆಳಗೆ ಒಂದಡಿ ಉದ್ದ, ಒಂದಡಿ ಅಗಲದ ಸಂದು ಇದ್ದು, ಮೇಲೆ 10 ಮೀಟರ್ ನೀರು, ಆಚೆ ಬದಿ ಖಾಲಿ ಇದ್ದರೆ, ಆ ಸಂದಿಗೆ ಅಂಟಿದವನನ್ನು ಹಿಡಿದಿಡುವ ಬಲ ಸುಮಾರು 900 ಕಿಲೋ. ಹತ್ತು ಜನ ಹಗ್ಗ ಎಳೆದರೂ ಬಿಡಿಸಲಾಗದು. ಕರೆಂಟು ತೆಗೆದು, ಬೀಗ ಹಾಕಿ, ಕೀಲಿಯನ್ನು ಡೈವಿಂಗ್ ಮೇಲ್ವಿಚಾರಕ ಜೇಬಿನಲ್ಲಿಟ್ಟುಕೊಳ್ಳಬೇಕು.

5. ದಡದಲ್ಲಿ ಸಮಯ ಬರೆಯುವವನು ಯಾರು? ಇಳಿದದ್ದು, ತಳ ಬಿಟ್ಟದ್ದು, ಮೇಲೆ ಬಂದದ್ದು, ಅತಿ ಹೆಚ್ಚಿನ ಆಳ ಇಷ್ಟೂ ಪುಸ್ತಕದಲ್ಲಿರಬೇಕು. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್, ಅದಕ್ಕಿಂತ ಹೆಚ್ಚಲ್ಲ. ಉಸಿರು ಬಿಗಿಹಿಡಿದು ಮೇಲೆ ಬರಲೇಬಾರದು. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿದು ಗುಳ್ಳೆ ನೇರ ಮಿದುಳಿಗೆ ಹೋಗುತ್ತದೆ. ಅದಕ್ಕೆ ಹೆಚ್ಚು ಆಳ ಬೇಕಾಗಿಲ್ಲ, ಈಜುಕೊಳದ ಆಳವೂ ಸಾಕು.

ನಡುವೆ ಒಂದು ಪ್ರಶ್ನೆ ಬರುತ್ತದೆ: ಇಂಡಿಯ ಲಿಂಬೆ ತೋಟದ ಅರವತ್ತು ಅಡಿ ಬಾವಿಗೆ ಇಳಿದವರಿಗೂ ಹೀಗಾಗುತ್ತದೆಯೇ? ನೀರಿಲ್ಲದ ಬಾವಿಯಲ್ಲಿ ಆಗುವುದಿಲ್ಲ. ಅಲ್ಲಿ ಮೇಲಿರುವುದು ಗಾಳಿ, ಅದರ ತೂಕ ಲೆಕ್ಕಕ್ಕಿಲ್ಲ. ಉಸಿರು ಬಿಗಿಹಿಡಿದು ಒಂದೆರಡು ಮುಳುಗು ಹಾಕುವವರಿಗೂ ಇದರ ಭಯ ಇಲ್ಲವೆನ್ನುವಷ್ಟು ಕಡಿಮೆ. ಬಾವಿಯ ಅಪಾಯ ಬೇರೆ: ಕೆಟ್ಟ ಗಾಳಿ, ಅದರಲ್ಲೂ ಒಳಗಿಟ್ಟ ಡೀಸೆಲ್ ಎಂಜಿನ್ನಿನ ಹೊಗೆ. ಕಂದೀಲು ಇಳಿಸಿ, ಅದು ಉರಿದರೆ ಗಾಳಿ ಒಳ್ಳೇದು ಎನ್ನುವ ಹಿರಿಯರ ಪರೀಕ್ಷೆ ಈ ಹೊಗೆಯ ಮುಂದೆ ಸೋಲುತ್ತದೆ. ಮನುಷ್ಯನನ್ನು ಕೊಲ್ಲುವಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ದೀಪ ಆರುವುದಿಲ್ಲ.

ಮೇಲೆ ಬಂದ ಮೇಲೆ ಏನಾದರೂ ಕಂಡರೆ

ಅಮೆರಿಕದ ನೌಕಾಪಡೆಯ ಲೆಕ್ಕದಂತೆ ಲಕ್ಷಣಗಳು ಶೇಕಡಾ 42 ಮಂದಿಗೆ ಒಂದು ಗಂಟೆಯೊಳಗೆ, 83 ಮಂದಿಗೆ ಎಂಟು ಗಂಟೆಯೊಳಗೆ, 98 ಮಂದಿಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ಕಾಣುತ್ತವೆ. ಅಂದರೆ ಬಹಳ ಸಲ ಡೈವರ್ ದಡದಲ್ಲಿ ಇರುವುದಿಲ್ಲ, ಬಸ್ಸಿನಲ್ಲೋ ಮನೆಯಲ್ಲೋ ಇರುತ್ತಾನೆ. ಆದ್ದರಿಂದ ಈ ಭಾಗ ಮನೆಯವರೂ ಓದಬೇಕಾದ್ದು.

ಭುಜ, ಮೊಣಕೈ, ಮೊಣಕಾಲಿನಲ್ಲಿ ಒತ್ತಿದರೂ ಬದಲಾಗದ ಆಳದ ನೋವು. ಮೈ ತುರಿಕೆ, ಚರ್ಮದ ಮೇಲೆ ನೀಲಿಗೆಂಪು ಬಲೆಯಂಥ ಕಲೆ. ಕಾರಣವಿಲ್ಲದ ವಿಪರೀತ ದಣಿವು. ಜೋಮು, ತೂರಾಟ, ಮಾತು ತೊದಲುವುದು, ಮೂತ್ರ ಕಟ್ಟುವುದು, ಎದೆಯುರಿಯ ಕೆಮ್ಮು. ನೀರಿಗೆ ಇಳಿದು ಇಪ್ಪತ್ತನಾಲ್ಕು ಗಂಟೆಯೊಳಗೆ ಇವುಗಳಲ್ಲಿ ಯಾವುದು ಬಂದರೂ ಬೇರೇನೆಂದು ಸಾಬೀತಾಗುವವರೆಗೆ ಅದು ಬೆಂಡ್ಸ್ ಎಂದೇ ತಿಳಿಯಿರಿ.

1. ಚಪ್ಪಟೆ ಮಲಗಿಸಿ. ಪ್ರಜ್ಞೆ ಇಲ್ಲದಿದ್ದರೆ ಮಗ್ಗುಲಾಗಿ. ತಲೆ ಕೆಳಗೆ ಮಾಡಿ ಕಾಲು ಎತ್ತುವ ಹಳೆಯ ಪದ್ಧತಿ ಬೇಡ.

2. ತಕ್ಷಣ ಶುದ್ಧ ಆಕ್ಸಿಜನ್, ನಿಮಿಷಕ್ಕೆ 15 ಲೀಟರ್, ಬಿಗಿಯಾದ ಮಾಸ್ಕಿನಲ್ಲಿ. ನೋವು ಇಳಿದರೂ ನಿಲ್ಲಿಸಬೇಡಿ. ನಿಮ್ಮ ಕೈಲಿ ಸಿಲಿಂಡರ್ ಇಲ್ಲದಿದ್ದರೆ 108ಕ್ಕೆ ಕರೆಮಾಡುವಾಗಲೇ "ಆಕ್ಸಿಜನ್ ಬೇಕೇ ಬೇಕು" ಎಂದು ಹೇಳಿ.

3. ಎಚ್ಚರವಾಗಿದ್ದು, ವಾಂತಿಯಿಲ್ಲದೆ ನುಂಗಬಲ್ಲನಾದರೆ ನೀರು ಅಥವಾ ಓಆರ್‌ಎಸ್ ಕುಡಿಸಿ. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂದು ಕೇಳಿ, ಬರೆದುಕೊಳ್ಳಿ.

4. ಒಂದು ಚೀಟಿ ಬರೆದು ಅಂಗಿಗೆ ಪಿನ್ ಮಾಡಿ: ಎಷ್ಟು ಆಳ, ಎಷ್ಟು ನಿಮಿಷ, ಎಷ್ಟು ಸಲ ಇಳಿದ, ಮೇಲೆ ಬಂದ ಹೊತ್ತು, ಮೊದಲ ಲಕ್ಷಣ ಕಂಡ ಹೊತ್ತು, ಆಕ್ಸಿಜನ್ ಶುರುಮಾಡಿದ ಹೊತ್ತು. ಸ್ಕ್ಯಾನಿಂಗ್ ರಿಪೋರ್ಟಿಗಿಂತ ಈ ಚೀಟಿ ಬೆಲೆಬಾಳುತ್ತದೆ, ಏಕೆಂದರೆ ಬೆಂಡ್ಸ್ ಬಹುಪಾಲು ಕಥೆ ಕೇಳಿಯೇ ಗೊತ್ತಾಗುವ ಕಾಯಿಲೆ.

5. ಹತ್ತಿರದ ಆಸ್ಪತ್ರೆಯಲ್ಲಿ ಉಸಿರು, ರಕ್ತದೊತ್ತಡ ನೋಡಿಸಿ, ಅಲ್ಲಿಂದಲೇ ಚೇಂಬರಿಗೆ ಫೋನ್ ಮಾಡಿಸಿ. ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದಿನಲ್ಲಿ ಖಾಸಗಿ ಚೇಂಬರುಗಳಿವೆ. ಮುಂಬಯಿಯ ಕೊಲಾಬಾದಲ್ಲಿರುವ ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯ ಆವರಣದಲ್ಲೇ ನೌಕಾ ವೈದ್ಯಕೀಯ ಸಂಸ್ಥೆ ಇದೆ. ಡೈವರುಗಳ ಕಾಯಿಲೆಗೆ ದೇಶದಲ್ಲಿ ಅದೇ ಹಿರಿಯ ಮನೆ. ಖಾಸಗಿ ಕಡೆ ಮೂರು ಮಾತು ಕೇಳಿ: 2.8 ವಾಯುಮಂಡಲ ಏರುತ್ತದೆಯೇ, ರಾತ್ರಿ ತೆರೆಯುತ್ತೀರಾ, ಡೈವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಇದ್ದಾರೆಯೇ. ಗಾಯ ಒಣಗಿಸುವ ಎಷ್ಟೋ ಕೇಂದ್ರಗಳು ಸಂಜೆ ಬಾಗಿಲು ಹಾಕುತ್ತವೆ. ಕೇಳದೆ ಹೊರಟು ಐನೂರು ಕಿಲೋಮೀಟರ್ ಹೋದ ಮೇಲೆ ಬೀಗ ನೋಡುವುದು ಬೇಡ.

6. ಹೋಗುವ ದಾರಿಯಲ್ಲಿ ಎತ್ತರ ಕಡಿಮೆ ಇರುವುದನ್ನು ಆರಿಸಿ, ಆಕ್ಸಿಜನ್ ಹಚ್ಚಿಕೊಂಡೇ ಹೋಗಿ. ವಿಮಾನವಾದರೆ ಒಳಗಿನ ಒತ್ತಡವನ್ನು ಸಮುದ್ರಮಟ್ಟದಲ್ಲಿಡಬಲ್ಲ ಏರ್ ಆಂಬುಲೆನ್ಸ್ ಮಾತ್ರ.

ತಡವಾಯಿತೆಂದು ಕೈಬಿಡಬೇಡಿ. ಬೇಗ ಸೇರಿದಷ್ಟು ಒಳ್ಳೆಯದು ನಿಜ. ಎರಡು ಮೂರು ದಿನ ಕಳೆದು ಬಂದವರಿಗೂ ಚೇಂಬರಿನಿಂದ ಗುಣವಾಗುವುದುಂಟು.

ಪದೇಪದೇ ಆಗುವ ತಪ್ಪುಗಳು

"ಮತ್ತೊಮ್ಮೆ ನೀರಿಗಿಳಿದು ನಿಧಾನ ಮೇಲೆ ಬಾ" ಎಂದು ಕಳಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಕೈಕಾಲು ಸತ್ತು ಒಳಗೇ ಮುಳುಗಬಹುದು, ನೈಟ್ರೋಜನ್ ಇನ್ನಷ್ಟು ಸೇರುತ್ತದೆ.

ನೋವಿನ ಸೂಜಿ ಹಾಕಿಸಿ ಮಲಗಿಸುವುದು ಎರಡನೆಯದು. ನೋವು ಮರೆಯಾಗುತ್ತದೆ, ಗುಳ್ಳೆ ಇದ್ದಲ್ಲೇ ಇರುತ್ತದೆ. ಚಳಿ ಬಿಡಿಸಲೆಂದು ಒಂದು ಪೆಗ್ ಹಾಕಿಸುವುದಂತೂ ಮೂರ್ಖತನ. ಮೈ ನೀರು ಕಳೆದುಕೊಳ್ಳುತ್ತದೆ, ಮೇಲಾಗಿ ತೂರಾಟ ಕುಡಿತದ್ದೋ ಮಿದುಳಿನದ್ದೋ ಎಂದು ಡಾಕ್ಟರಿಗೂ ಗೊತ್ತಾಗುವುದಿಲ್ಲ. ಆಸ್ಪತ್ರೆಯವರಿಗೆ ಒಂದು ಮಾತು: ಇಂಥ ರೋಗಿಗೆ ನೈಟ್ರಸ್ ಆಕ್ಸೈಡ್ ಕೊಡಬಾರದು, ಅದು ಗುಳ್ಳೆಯೊಳಗೆ ನುಗ್ಗಿ ಅದನ್ನು ಹಿಗ್ಗಿಸುತ್ತದೆ.

ಇನ್ನೊಂದು ತಪ್ಪನ್ನು ಪ್ರವಾಸಿಗರೂ ಮಾಡುತ್ತಾರೆ. ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಅದೇ ಸಂಜೆ ಬಸ್ ಹತ್ತಿ ಘಟ್ಟ ಏರುವುದು. ಗೋವಾದಲ್ಲಿ ಮಧ್ಯಾಹ್ನದವರೆಗೆ ಕೆಲಸ ಮಾಡಿ ರಾತ್ರಿಗೆ ಬೆಳಗಾವಿ ಹಾದು ಊರಿಗೆ ಹೊರಡುವವರದೂ ಇದೇ. ಬೆಳಗಾವಿ ಸಮುದ್ರದಿಂದ ಸುಮಾರು 750 ಮೀಟರ್ ಮೇಲಿದೆ. ವಿಮಾನ ಏರುವವರಿಗೆಂದು ಇರುವ ನಿಯಮ ಇದು: ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಇಳಿದಿದ್ದರೆ 18 ಗಂಟೆ, ನಡುವೆ ನಿಂತು ಮೇಲೆ ಬಂದಿದ್ದರೆ ಅದಕ್ಕೂ ಹೆಚ್ಚು. 600 ಮೀಟರ್ ದಾಟುವ ಘಟ್ಟಕ್ಕೂ ಅದನ್ನೇ ಪಾಲಿಸಿ. ಒಂದು ರಾತ್ರಿ ಕರಾವಳಿಯಲ್ಲೇ ಮಲಗಿದರೆ ಮುಗಿಯಿತು; ಮೀನಿನೂಟವಾದರೂ ಆಗುತ್ತದೆ. ಕರಾವಳಿಯಲ್ಲಿ ಇಳಿದವರು ಆಮೇಲೆ ಆಲಮಟ್ಟಿಯಲ್ಲಿ ಇಳಿಯುವುದಿದ್ದರೂ ಮೊದಲು ಒಂದು ಹಗಲು ಒಂದು ರಾತ್ರಿ ಇಲ್ಲಿ ತಂಗಬೇಕು.

ಶುಗರ್ ಗಾಯಕ್ಕೆ ಚೇಂಬರ್: ಯಾವಾಗ ಹೌದು, ಯಾವಾಗ ಬೇಡ

ಗಾಯಕ್ಕೆ ಒತ್ತಡ ಬೇಕಾದದ್ದು ಗುಳ್ಳೆ ಕುಗ್ಗಿಸಲು ಅಲ್ಲ. ಸಾಮಾನ್ಯವಾಗಿ ಆಕ್ಸಿಜನ್ನನ್ನು ಹೊರುವುದು ಕೆಂಪು ಕಣ. ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ ಅದು ಕಣವಿಲ್ಲದೆಯೂ ರಕ್ತದ ನೀರಿನಲ್ಲಿ ಕರಗುತ್ತದೆ. ಆಮ್‌ಸ್ಟರ್‌ಡಾಮಿನ ಸರ್ಜನ್ ಬೂರೆಮಾ 1960ರ ಹೊತ್ತಿಗೆ ಕೆಂಪು ಕಣಗಳನ್ನು ಹೆಚ್ಚುಕಡಿಮೆ ಪೂರಾ ತೆಗೆದ ಹಂದಿಗಳನ್ನು ಚೇಂಬರಿನಲ್ಲಿ ಬದುಕಿಸಿ ತೋರಿಸಿದ. ಕಾಲಿನ ಗಾಯಕ್ಕೆ 2ರಿಂದ 2.5 ವಾಯುಮಂಡಲ, ದಿನಕ್ಕೆ ಸುಮಾರು ಒಂದೂವರೆ ಗಂಟೆ, ವಾರಕ್ಕೆ ಐದು ದಿನ, ಒಟ್ಟು 20ರಿಂದ 40 ಸಿಟ್ಟಿಂಗ್ ವಾಡಿಕೆ.

ಆದರೆ ಇದು ಮೊದಲ ಮದ್ದಲ್ಲ. ಅಮೆರಿಕದ ಸರ್ಕಾರಿ ವಿಮೆ ಇದಕ್ಕೆ ಹಣ ಕೊಡುವುದು ಗಾಯ ಎಲುಬು ಅಥವಾ ಕೀವಿನ ಮಟ್ಟಕ್ಕೆ ಇಳಿದಿದ್ದು, 30 ದಿನ ಸರಿಯಾದ ಆರೈಕೆ ಮಾಡಿಯೂ ಮಾಯದಿದ್ದಾಗ ಮಾತ್ರ. ಸಂಶೋಧನೆಗಳ ಫಲಿತಾಂಶವೂ ಒಂದೇ ಥರ ಇಲ್ಲ. ಸಾಲ ಮಾಡಿ, ಎಮ್ಮೆ ಮಾರಿ ಹೊರಡುವ ಮುಂಚೆ ಈ ನಾಲ್ಕನ್ನು ಮುಗಿಸಿ: ಕಾಲಿನ ರಕ್ತನಾಳದ ಡಾಪ್ಲರ್ ಪರೀಕ್ಷೆ (ನಾಳ ಮುಚ್ಚಿದ್ದರೆ ಮೊದಲು ಅದನ್ನು ತೆರೆಸಬೇಕು), ಸತ್ತ ಮಾಂಸ ತೆಗೆಸುವುದು, ಗಾಯದ ಮೇಲೆ ಭಾರ ಬೀಳದ ಚಪ್ಪಲಿ ಅಥವಾ ಪ್ಲಾಸ್ಟರ್, ಶುಗರ್ ಹಿಡಿತ. ಇವು ಆಗದೆ ಚೇಂಬರಿಗೆ ಹಾಕಿದ ಹಣ ಕೃಷ್ಣೆಗೆ ಹಾಕಿದಂತೆ. ಹೋದ ಮೇಲೂ ಪ್ರತಿವಾರ ಗಾಯದ ಪಕ್ಕ ಸ್ಕೇಲಿಟ್ಟು ಫೋಟೋ ತೆಗೆಯಿರಿ. ತಿಂಗಳಾದರೂ ಅಳತೆ ಇಳಿಯದಿದ್ದರೆ ನಿಲ್ಲಿಸುವ ಮಾತು ನೀವೇ ಎತ್ತಿ.

ಚೇಂಬರ್ ತಡಮಾಡದೆ ಬೇಕಾಗುವ ಸಂದರ್ಭಗಳೂ ಇವೆ. ಬಚ್ಚಲಿನ ಗ್ಯಾಸ್ ಗೀಸರಿನ ಹೊಗೆಗೆ ಪ್ರಜ್ಞೆ ತಪ್ಪಿದವರು, ಗ್ಯಾಸ್ ಗ್ಯಾಂಗ್ರೀನ್ ಆದವರು (ಇವರಿಗೆ ಆಪರೇಷನ್ ಮೊದಲು), ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದವರು ಎರಡು ವಾರದೊಳಗೆ. ಗುಟ್ಕಾ ತಿಂದು ಬಾಯಿ ಕ್ಯಾನ್ಸರಾಗಿ ರೇಡಿಯೇಷನ್ ಪಡೆದು, ವರ್ಷಗಳ ಮೇಲೆ ದವಡೆ ಎಲುಬು ಕೊಳೆಯತೊಡಗಿದವರಿಗೂ ಇದು ಒಪ್ಪಿತ ಚಿಕಿತ್ಸೆ. ಆಟಿಸಂ, ಕ್ಯಾನ್ಸರ್, ಶುಗರ್ ಕಾಯಿಲೆಯನ್ನೇ ವಾಸಿಮಾಡುತ್ತದೆ ಎನ್ನುವ ಜಾಹೀರಾತನ್ನು ನಂಬಬೇಡಿ. ಇವಕ್ಕೆ ಇದು ಮದ್ದಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಬ್ಯೂಟಿ ಪಾರ್ಲರುಗಳಲ್ಲಿ ಕಾಣುವ ಜಿಪ್ ಹಾಕುವ ಮೆತ್ತನೆಯ ಚೀಲಗಳು 1.3 ವಾಯುಮಂಡಲದವು. ಅವು ಡೈವರಿಗೂ ಸಲ್ಲ, ಗಾಯಕ್ಕೂ ಸಲ್ಲ.

ಒಳಗೆ ಹೋಗುವ ಮುನ್ನ ಎಚ್ಚರಗಳು:

1. ಶ್ವಾಸಕೋಶದ ಸುತ್ತ ಗಾಳಿ ಸೇರಿ ಚಿಕಿತ್ಸೆಯಾಗದೆ ಇದ್ದವರು ಹೋಗಲೇಬಾರದು. ದಮ್ಮು, ಫಿಟ್ಸ್, ಕ್ಯಾನ್ಸರ್ ಔಷಧಿ, ಕಿವಿಯ ಆಪರೇಷನ್ ಇದ್ದರೆ ಮೊದಲೇ ಹೇಳಿ. ನೆಗಡಿ, ಜ್ವರ ಇದ್ದ ದಿನ ತಪ್ಪಿಸಿ.

2. ಒತ್ತಡ ಏರುವಾಗ ಕಿವಿ ಗಡಚಿಕ್ಕುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ, ಉಗುಳು ನುಂಗಿ. ನೋವಾದರೆ ತಕ್ಷಣ ಹೇಳಿ, ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ.

3. ಶುಗರ್ ಒಳಗೆ ಇಳಿಯಬಹುದು. ಊಟ ಮಾಡಿಯೇ ಹೋಗಿ, ಮುಂಚೆ ಪರೀಕ್ಷಿಸಿಕೊಳ್ಳಿ.

4. ಬೆಂಕಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1997ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕೈ ಬೆಚ್ಚಗಿಡುವ ಸಣ್ಣ ಸಾಧನದಿಂದ ಹತ್ತಿದ ಬೆಂಕಿಗೆ ಚೇಂಬರಿನಲ್ಲಿದ್ದ 11 ಜನ ಸತ್ತರು. 2025ರ ಜನವರಿ 31ರಂದು ಅಮೆರಿಕದ ಮಿಷಿಗನ್‌ನಲ್ಲಿ ಐದು ವರ್ಷದ ಮಗು ಹೀಗೇ ಹೋಯಿತು. ಮೊಬೈಲು, ವಾಚು, ಲೈಟರ್, ಕಿವಿಯ ಮಷಿನ್ ಎಲ್ಲ ಹೊರಗೆ. ತಲೆಗೆ ಎಣ್ಣೆ, ಮೈಗೆ ವ್ಯಾಸಲೀನ್, ಅತ್ತರು ಬೇಡ. ನೈಲಾನ್, ಪಾಲಿಯೆಸ್ಟರ್ ಸೀರೆ ಬಿಟ್ಟು ಅಲ್ಲಿ ಕೊಡುವ ಹತ್ತಿಬಟ್ಟೆಯನ್ನೇ ಉಡಿ. ಇವನ್ನೆಲ್ಲ ತಪಾಸಣೆ ಮಾಡದೆ ಒಳಗೆ ಬಿಡುವ ಕೇಂದ್ರವಾದರೆ ವಾಪಸ್ ಬನ್ನಿ.

ಮನೆಯಲ್ಲಿ ನೀರಿನ ಕೆಲಸಕ್ಕೆ ಹೋಗುವವರಿದ್ದರೆ, ಪತ್ರಿಕೆ ಮಡಿಚುವ ಮುಂಚೆ ಒಂದು ಕೆಲಸ ಮಾಡಿ. ಅವರ ಕಾಂಟ್ರಾಕ್ಟರಿಗೆ ಫೋನ್ ಮಾಡಿ ಚೇಂಬರಿನ ನಂಬರ್ ಕೇಳಿ. ಆ ನಂಬರಿಗೆ ನೀವೇ ಒಮ್ಮೆ ಕರೆಮಾಡಿ, ಎತ್ತುತ್ತಾರೆಯೇ ನೋಡಿ, ಮೊಬೈಲಿನಲ್ಲಿ 'ಚೇಂಬರ್' ಎಂದು ಉಳಿಸಿಕೊಳ್ಳಿ. ಆಮೇಲೆ ಅವ್ವನಿಗೂ ಒಂದು ಮಾತು ಹೇಳಿಡಿ: ನೀರಿನಿಂದ ಬಂದ ಮಗ ಭುಜ ಹಿಡಿದುಕೊಂಡರೆ ಎಣ್ಣೆ ಕಾಯಿಸುವುದು ಬೇಡ, ಮೊದಲು ಆ ನಂಬರ್ ಒತ್ತಲಿ.